ಕವಳದ ಬಾಯಿಗೆ ಟೈಟಾನಿಯಂ ಹಲ್ಲು

ಮುರುಡೇಶ್ವರದ ಮಾವಳ್ಳಿಯಿಂದ ಹೊನ್ನಾವರ, ಕುಮಟೆಯವರೆಗೆ ಊಟವಾದ ಮೇಲೆ ಕವಳ, ಅಂದರೆ ಎಲೆ-ಅಡಿಕೆ, ಹಾಕುವುದು ಹಳೆಯ ರೂಢಿ. ಈಗ ಹಲ್ಲು ಬಿದ್ದವರು ಕಟ್ಟಿಸಿದ ಸೆಟ್ಟಿನ ಬದಲು ಇಂಪ್ಲಾಂಟ್ ಕೇಳುವುದೂ ಶುರುವಾಗಿದೆ. ಇವೆರಡೂ ಒಂದೇ ಬಾಯಲ್ಲಿ ಸೇರಿದರೆ ಏನಾಗಬಹುದೆಂದು ಕರಾವಳಿಯ ನಾವು ತಿಳಿದಿರಬೇಕು.

ಇಂಪ್ಲಾಂಟ್ ಎಂದರೆ ದವಡೆಯ ಮೂಳೆಗೆ ಕೂರಿಸುವ ಟೈಟಾನಿಯಂ ತಿರುಪು. 1952ರಲ್ಲಿ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರಾನೆಮಾರ್ಕ್ ಮೊಲದ ಮೂಳೆಯೊಳಗಿನ ರಕ್ತ ಸಂಚಾರ ನೋಡಲು ಟೈಟಾನಿಯಂ ಕೊಳವೆ ಇಟ್ಟಿದ್ದರು. ಕೆಲಸ ಮುಗಿದ ಮೇಲೆ ಅದನ್ನು ಕೀಳಲು ಹೋದರೆ ಬರಲಿಲ್ಲ, ಮೂಳೆ ಅದನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. 1965ರಲ್ಲಿ ಅದೇ ಲೋಹ ಮನುಷ್ಯನ ದವಡೆಗೆ ಬಂತು.

ಆದರೆ ಇದು ಹುಟ್ಟು ಹಲ್ಲಲ್ಲ. ಹುಟ್ಟು ಹಲ್ಲು ಹಗ್ಗ ಕಟ್ಟಿ ನಿಲ್ಲಿಸಿದ ದೋಣಿಯ ಹಾಗೆ: ಬೇರಿನಿಂದ ಮೂಳೆಗೆ, ಒಸಡಿಗೆ ನಾರುಗಳು ಬಿಗಿದಿರುತ್ತವೆ. ಸೋಂಕು ಕೆಳಗಿಳಿಯದಂತೆ ಅವು ತಡೆಯುತ್ತವೆ. ಇಂಪ್ಲಾಂಟಿನ ಸುತ್ತ ನಾರುಗಳು ಲೋಹಕ್ಕೆ ನಾಟುವುದಿಲ್ಲ, ಪಕ್ಕದಲ್ಲಿ ಹಾದುಹೋಗುತ್ತವೆ ಅಷ್ಟೆ. ಅಲ್ಲಿ ಕೊಳೆ ಕೂತರೆ ಒಸಡು ಊದಿ, ರಕ್ತ, ಕೀವು ಬಂದು, ಕೊನೆಗೆ ಮೂಳೆಯೇ ಕರಗುತ್ತದೆ. ಇದಕ್ಕೆ ಪೆರಿ-ಇಂಪ್ಲಾಂಟೈಟಿಸ್ ಎನ್ನುತ್ತಾರೆ. ಹಿಂದೆ ಒಸಡಿನ ಕಾಯಿಲೆಯಿಂದ ಹಲ್ಲು ಕಳೆದುಕೊಂಡವರಿಗೆ, ಬಾಯಿ ಸ್ವಚ್ಛ ಇಟ್ಟುಕೊಳ್ಳದವರಿಗೆ ಇದರ ಅಪಾಯ ಹೆಚ್ಚು.

ಇನ್ನು ಕವಳ. ಅಡಿಕೆಯ ಅರೆಕೊಲಿನ್ ಕೆನ್ನೆಯ ಒಳಪದರದ ಜೀವಕೋಶಗಳನ್ನು ಕೆರಳಿಸಿ ಕೊಲಾಜನ್ ನಾರನ್ನು ಅತಿಯಾಗಿ ಮಾಡಿಸುತ್ತದೆ. ಅಡಿಕೆಯ ಒಗರು ಆ ನಾರು ಕರಗದಂತೆ ಗಟ್ಟಿಮಾಡುತ್ತದೆ. ಅಡಿಕೆಯಲ್ಲಿರುವ ತಾಮ್ರವೂ ಇದಕ್ಕೆ ನೆರವಾಗುತ್ತದೆ. ಮೊದಲು ಖಾರ ತಾಗಿದರೆ ಉರಿ, ಆಮೇಲೆ ಕೆನ್ನೆ ಬಿಳಿಚಿ ಬಿಗಿದು, ಬಾಯಿ ತೆರೆಯುವುದೇ ಕಷ್ಟ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ರೋಗ ಕ್ಯಾನ್ಸರಿಗೆ ತಿರುಗಬಲ್ಲದು. ಬಾಯಿ ಪೂರ್ತಿ ತೆರೆಯದವರಿಗೆ ಇಂಪ್ಲಾಂಟ್ ಕೂರಿಸುವುದೂ ಕಷ್ಟ, ಆಮೇಲೆ ಅದನ್ನು ತಿಕ್ಕಿ ಶುಚಿಮಾಡುವುದೂ ಕಷ್ಟ.

“ನಾನು ಹೊಗೆಸೊಪ್ಪು ಹಾಕೋದಿಲ್ಲ, ಬರೀ ಎಲೆ-ಅಡಿಕೆ” ಎಂದು ಧೈರ್ಯ ತಂದುಕೊಳ್ಳುವವರಿದ್ದಾರೆ. ತಂಬಾಕು ಬೆರೆತ ಕವಳ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲೇ ಹೇಳಿತ್ತು. 2004ರಲ್ಲಿ ಅದು ತಂಬಾಕಿಲ್ಲದ ಕವಳವನ್ನೂ, ಬರೀ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ಅಡಿಕೆ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಗೆ ಅನ್ನ ಕೊಡುವ ಬೆಳೆ. ಆದರೂ ಅದರ ಅಪಾಯವನ್ನು ಮುಚ್ಚಿಡುವುದು ನ್ಯಾಯವಲ್ಲ. ಅದೇ ವಿಭಾಗದ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 83,400 ಬಾಯಿ ಕ್ಯಾನ್ಸರುಗಳಿಗೆ ಜಗಿಯುವ ತಂಬಾಕು ಮತ್ತು ಅಡಿಕೆ ಕಾರಣ.

ನನಗೆ ಹೆಚ್ಚು ಕಳವಳ ತರುವುದು ಬೇರೆಯೇ ಒಂದು ವಿಷಯ. ಇಂಪ್ಲಾಂಟಿನ ಪಕ್ಕ ಹುಟ್ಟಿದ ಕ್ಯಾನ್ಸರ್ ಕಣ್ಣಿಗೆ ಪೆರಿ-ಇಂಪ್ಲಾಂಟೈಟಿಸ್‌ನಂತೆಯೇ ಕಾಣಬಹುದು: ಅದೇ ಕೆಂಪು, ಅದೇ ಊತ, ಅದೇ ರಕ್ತ, ಕರಗಿದ ಮೂಳೆ. ಇಂಪ್ಲಾಂಟೇ ಕ್ಯಾನ್ಸರ್ ತರುತ್ತದೆಂದು ಸಾಬೀತಾಗಿಲ್ಲ. ಆದರೆ ಸೋಂಕೆಂದು ತಿಳಿದು ಔಷಧಿ ಕೊಡುತ್ತಾ ದಿನ ದೂಡಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಚೂರು ಮಾಂಸ ತೆಗೆದು ಬಯಾಪ್ಸಿ ಮಾಡದೆ ಇವೆರಡನ್ನು ಖಚಿತವಾಗಿ ಬೇರ್ಪಡಿಸಲಾಗದು.

ಬೇಗ ಪತ್ತೆಹಚ್ಚಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. ಕೇರಳದ ತಿರುವನಂತಪುರದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು 34% ತಗ್ಗಿತ್ತು. ಮಾವಳ್ಳಿಯಂಥ ಊರಿನಲ್ಲೂ ಇದು ಆಗದ ಕೆಲಸವಲ್ಲ.

ಕವಳ ಹಾಕುವವರು ಇಂಪ್ಲಾಂಟಿಗೆ ಹೋಗುವ ಮೊದಲು ದಂತವೈದ್ಯರಿಗೆ ಅದನ್ನು ಬಾಯಿಬಿಟ್ಟು ಹೇಳಿ, ಕೆನ್ನೆ, ನಾಲಿಗೆಯನ್ನೂ ನೋಡಲು ಕೇಳಿ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ಬಯಾಪ್ಸಿ ಬೇಕೇ ಎಂದು ನೀವೇ ಕೇಳಿ. ಕವಳ ಬಿಡಲು ಮಾತ್ರ ಹುಣ್ಣು ಕಾಣುವವರೆಗೆ ಕಾಯಬೇಡಿ.