ಪ್ರೇಮದ ಪಾಠ ಹೇಳಿದ ಮೇಷ್ಟರು

ನಮ್ಮ ಆಲಂಕಾರಿಕರು ಪ್ರೇಮಕ್ಕೆ ಹತ್ತು ಅವಸ್ಥೆಗಳನ್ನು ಹೇಳಿದ್ದಾರೆ: ಅಭಿಲಾಷೆ, ಚಿಂತೆ, ಸ್ಮೃತಿ, ಗುಣಕಥನ, ಉದ್ವೇಗ, ಪ್ರಲಾಪ, ಉನ್ಮಾದ, ವ್ಯಾಧಿ, ಜಡತೆ, ಮರಣ. ಹಳಗನ್ನಡದ ಚಂಪೂಕಾವ್ಯಗಳನ್ನು ಓದಿದವರಿಗೆ ಈ ಮೆಟ್ಟಿಲುಗಳು ಅಪರಿಚಿತವಲ್ಲ. ನಾಯಿಕೆ ಉಪವನದಲ್ಲಿ ತಳಿರ ಹಾಸಿನ ಮೇಲೆ ಹೊರಳುತ್ತಾಳೆ, ಸಖಿಯರು ಗಂಧ ಲೇಪಿಸುತ್ತಾರೆ, ಏನೂ ತಪ್ಪು ಮಾಡದ ಚಂದ್ರನಿಗೆ ಬೈಗಳು ಬೀಳುತ್ತವೆ. ಒಂಬತ್ತನೆಯ ಮೆಟ್ಟಿಲನ್ನು ಏರಿ ನಿಂತವರನ್ನು ಕವಿ ಹತ್ತನೆಯದಕ್ಕೆ ಕಾಲಿಡಗೊಡದೆ ಕರುಣೆಯಿಂದ ಕೆಳಗಿಳಿಸಿ ಮದುವೆ ಮಾಡಿಸಿಬಿಡುತ್ತಾನೆ.

ಈ ಪಟ್ಟಿಯಲ್ಲಿ ನನಗೆ ಮೊದಲಿನಿಂದಲೂ ಒಂದು ಕೊರತೆ ಕಂಡಿದೆ. ಇದೆಲ್ಲ ಕೂಡುವ ಮುಂಚಿನ ಮಾತು. ಕೂಡಿದ ಮೇಲೆ ಏನು? ಒಲವು ಹಳಸಿ, ಮುಖ ಕಂಡರೆ ಆಕಳಿಕೆ ಬರುವ ಹೊತ್ತಿಗೆ ಏನು? ಖಂಡಿತೆ, ಕಲಹಾಂತರಿತೆ ಎಂಬ ನಾಯಿಕಾಭೇದಗಳು ನಮ್ಮಲ್ಲಿ ಉಂಟು, ನಿಜ. ಆದರೆ ಅವು ಬಿಡಿ ಚಿತ್ರಗಳು. ಹುಡುಕುವುದರಿಂದ ಹಿಡಿದು ಮರೆಯುವವರೆಗಿನ ಇಡೀ ದಾರಿಯ ನಕಾಶೆಯಲ್ಲ. ಅಂಥ ನಕಾಶೆಯನ್ನು ಬರೆದು, ಮೇಷ್ಟರ ಗಾಂಭೀರ್ಯದಿಂದ ಪಾಠ ಹೇಳಿ, ಊರನ್ನೇ ನಗಿಸಿದ ಕವಿಯೊಬ್ಬ ಎರಡು ಸಾವಿರ ವರ್ಷಗಳ ಹಿಂದೆ ರೋಮಿನಲ್ಲಿದ್ದ. ಆ ನಗೆಗೆ ಅವನು ತೆತ್ತ ಬೆಲೆಯ ವಿಚಾರವನ್ನೂ ಇಂದು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಅವನ ಹೆಸರು ಓವಿಡ್. ಕ್ರಿ. ಪೂ. 43ರಲ್ಲಿ, ಇಟಲಿಯ ಬೆಟ್ಟಗಳ ನಡುವಣ ಸುಲ್ಮೋ ಎಂಬ ಊರಿನಲ್ಲಿ, ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದವನು. ಮಗ ವಕೀಲನಾಗಲಿ ಎಂಬುದು ತಂದೆಯ ಆಸೆ. ಕವಿತೆ ಹೊಟ್ಟೆಗೆ ಹಿಟ್ಟು ತಾರದೆಂದು ಆತ ಬುದ್ಧಿ ಹೇಳುತ್ತಿದ್ದನಂತೆ. ಮಗ ಪ್ರಾಮಾಣಿಕವಾಗಿಯೇ ಗದ್ಯ ಬರೆಯಲು ಕೂತನಂತೆ. ಬರೆದದ್ದೆಲ್ಲ ತಾನಾಗಿ ಛಂದಸ್ಸಿಗೆ ಹೊಂದಿಕೊಳ್ಳುತ್ತಿತ್ತಂತೆ. ಇದು ಅವನೇ ಮುಂದೆ ಹೇಳಿಕೊಂಡ ಮಾತು. ಈ ತಂದೆಮಕ್ಕಳ ಸಂವಾದ ನಮ್ಮ ಊರುಗಳಲ್ಲಿಯೂ ಇನ್ನೂ ಮುಗಿದಿಲ್ಲವಷ್ಟೆ.

ಅವನು ಹೆಚ್ಚಾಗಿ ಬಳಸಿದ್ದು ದ್ವಿಪದಿಯನ್ನು: ಮೊದಲ ಸಾಲಿಗೆ ಆರು ಗಣ, ಎರಡನೆಯದಕ್ಕೆ ಐದು. ವೀರಕಾವ್ಯಕ್ಕೆ ಎಲ್ಲ ಸಾಲುಗಳಲ್ಲಿಯೂ ಆರೇ ಗಣಗಳಿರಬೇಕು. ತಾನು ಯುದ್ಧದ ಕಾವ್ಯವನ್ನೇ ಬರೆಯಹೊರಟಿದ್ದೆ, ಮನ್ಮಥ ಬಂದು ನಕ್ಕು ಎರಡನೆಯ ಸಾಲಿನಿಂದ ಒಂದು ಗಣವನ್ನು ಕದ್ದುಕೊಂಡು ಹೋದ, ಆದ್ದರಿಂದ ಪ್ರೇಮಕವಿಯಾದೆ ಎಂದು ಅವನು ತನ್ನ ಮೊದಲ ಸಂಕಲನದ ಬಾಗಿಲಲ್ಲಿಯೇ ದೂರು ಕೊಡುತ್ತಾನೆ. ಲ್ಯಾಟಿನ್ ಬಾರದ ನಾನು ಇಂಗ್ಲಿಷ್ ಅನುವಾದಗಳಲ್ಲಿ ಓದಿದವನು. ಆ ಕುಂಟುನಡೆಯ ಲಯ ನನ್ನ ಕಿವಿಗೆ ದಕ್ಕಿದ್ದು ಅರ್ಧ ಮಾತ್ರ. ತುಂಬುಹೆಜ್ಜೆಯ ಸಾಲು ಏನನ್ನೋ ಘನವಾಗಿ ಸಾರುತ್ತದೆ. ಹಿಂದೆಯೇ ಬರುವ ಗಿಡ್ಡ ಸಾಲು ಅದರ ಕಾಲೆಳೆಯುತ್ತದೆ.

ಕ್ರಿಸ್ತಶಕದ ಆರಂಭದ ಆಸುಪಾಸಿನಲ್ಲಿ ಬಂದ 'ಆರ್ಸ್ ಅಮಟೋರಿಯ', ಎಂದರೆ ಪ್ರೇಮಕಲೆ, ಮೂರು ಸಂಪುಟಗಳ ಕಾವ್ಯ. ಸಾಲುಗಳು ಎರಡು ಸಾವಿರದ ಮುನ್ನೂರಕ್ಕೆ ಮೇಲೆ. ಇದರ ಹಾಸ್ಯ ತಿಳಿಯಬೇಕಾದರೆ ಆ ಕಾಲದ ಒಂದು ರೂಢಿ ತಿಳಿದಿರಬೇಕು. ವಿದ್ಯೆಯನ್ನು ಪದ್ಯದಲ್ಲಿ ಬೋಧಿಸುವುದು ಗ್ರೀಕರಲ್ಲಿಯೂ ರೋಮನರಲ್ಲಿಯೂ ಘನವಾದ ಸಂಪ್ರದಾಯ. ವರ್ಜಿಲ್ ಮಹಾಕವಿ ಉಳುಮೆ, ದ್ರಾಕ್ಷಿತೋಟ, ದನಕರು, ಜೇನುಸಾಕಣೆಗಳನ್ನು ನಾಲ್ಕು ಸಂಪುಟಗಳಲ್ಲಿ ಹಾಡಿದ್ದ. ಓವಿಡ್ ಅದೇ ಉಪದೇಶದ ದನಿಯನ್ನು, ಅದೇ ಪುರಾಣದೃಷ್ಟಾಂತಗಳ ಭಾರವನ್ನು ತಂದು, ಹುಡುಗಿಯ ಪಕ್ಕದಲ್ಲಿ ಜಾಗ ಹಿಡಿಯುವುದು ಹೇಗೆಂಬ ವಿಷಯಕ್ಕೆ ಹೂಡಿದ. ಮಾತೆಲ್ಲ ಶಾಸ್ತ್ರದ್ದು, ವಸ್ತು ಬೀದಿಯದು. ಇಡೀ ನಗೆ ಈ ಅಸಂಗತಿಯಲ್ಲಿದೆ. ತನಗೆ ಯಾವ ದೇವತೆಯೂ ಪ್ರತ್ಯಕ್ಷವಾಗಿ ವರ ಕೊಟ್ಟಿಲ್ಲ, ಅನುಭವವೇ ತನ್ನ ಗುರು ಎಂದು ಮೇಷ್ಟರು ಮೊದಲೇ ಒಪ್ಪಿಕೊಳ್ಳುತ್ತಾರೆ.

ಮೊದಲ ಪಾಠ ಹುಡುಕುವುದು, ಒಲಿಸುವುದು. ಎಲ್ಲಿ ಹುಡುಕಬೇಕು? ಕಂಬಸಾಲುಗಳ ನೆರಳಿನಲ್ಲಿ, ದೇವಸ್ಥಾನಗಳಲ್ಲಿ, ನಾಟಕಶಾಲೆಯಲ್ಲಿ. ಎಲ್ಲಕ್ಕಿಂತ ಅನುಕೂಲವಾದದ್ದು ರಥಗಳ ಜೂಜಿನ ಮೈದಾನ. ಅಲ್ಲಿಯ ಆಸನಗಳು ಇಕ್ಕಟ್ಟು, ಒತ್ತಿ ಕೂರದೆ ಬೇರೆ ದಾರಿಯಿಲ್ಲ. ಅವಳು ಯಾವ ಕುದುರೆಯ ಪಕ್ಷವೋ ನೀನೂ ಅದರದೇ ಪಕ್ಷವಾಗು. ಅವಳ ಮಡಿಲಿನ ಮೇಲೆ ಧೂಳು ಬಿದ್ದರೆ ಬೆರಳಿನಿಂದ ಕೊಡವು. ಬೀಳದಿದ್ದರೆ, ಬೀಳದ ಧೂಳನ್ನೇ ಕೊಡವು. ಜಯೋತ್ಸವದ ಮೆರವಣಿಗೆಯಲ್ಲಿ ಗೆದ್ದ ನಾಡುಗಳ, ನದಿಗಳ ಚಿತ್ರಗಳು ಸಾಗುವಾಗ ಅವಳು ಹೆಸರು ಕೇಳಿದರೆ ಎಲ್ಲಕ್ಕೂ ಉತ್ತರ ಹೇಳು, ಗೊತ್ತಿಲ್ಲದುದಕ್ಕೆ ಇನ್ನೂ ಧೈರ್ಯವಾಗಿ ಹೇಳು. ಸಾಮ್ರಾಟನ ದಿಗ್ವಿಜಯ ಇಲ್ಲಿ ಹುಡುಗನೊಬ್ಬನ ಭೂಗೋಳದ ಜಂಬಕ್ಕೆ ನೆಪವಾಗಿದೆಯೆಂಬುದನ್ನು ಗಮನಿಸಬೇಕು. ಅರಮನೆಗೆ ಇದು ರುಚಿಸಿರಲಾರದು.

ಈ ಮೊದಲ ಸಂಪುಟದ ವಿಷಯವಾಗಿ ನನ್ನದೊಂದು ತಕರಾರೂ ಇದೆ. ಸುಳ್ಳು ಆಣೆಗಳನ್ನಿಡು, ಕಣ್ಣೀರು ಬಾರದಿದ್ದರೆ ಕೈ ಒದ್ದೆ ಮಾಡಿಕೊಂಡು ಕಣ್ಣೊರಸಿಕೋ ಎನ್ನುವವರೆಗೆ ನಗಬಹುದು. ಬಲಾತ್ಕಾರವನ್ನೂ ಹೆಣ್ಣು ಒಪ್ಪಿಯಾಳು ಎಂದು ಮೇಷ್ಟರು ಹೇಳುವಲ್ಲಿ ನಗು ಗಂಟಲಲ್ಲಿ ನಿಲ್ಲುತ್ತದೆ. ಹಾಗೆ ಹೇಳುವವನು ಕವಿಯಲ್ಲ, ಕವಿ ನಿರ್ಮಿಸಿದ ಒಂದು ಪಾತ್ರ ಎಂದು ಸಮರ್ಥಿಸುವ ವಿದ್ವಾಂಸರಿದ್ದಾರೆ. ಪೂರ್ತಿ ಒಪ್ಪಲು ನನ್ನಿಂದಾಗಿಲ್ಲ.

ಎರಡನೆಯ ಸಂಪುಟ ನನಗೆ ಅತ್ಯಂತ ಪ್ರಿಯವಾದದ್ದು. ಅದು ಉಳಿಸಿಕೊಳ್ಳುವ ಪಾಠ. ಮಂತ್ರ, ಮದ್ದು ಏನೂ ಪ್ರಯೋಜನವಿಲ್ಲ, ಪ್ರೀತಿಸಬೇಕೆನಿಸುವಂತೆ ನೀನೇ ಆಗು ಎಂಬುದು ಅದರ ಮೂಲಸೂತ್ರ. ಯುಲಿಸೀಸ್ ರೂಪವಂತನಲ್ಲ, ಮಾತುಗಾರ. ಸಮುದ್ರತೀರದಲ್ಲಿ ಕಲಿಪ್ಸೋ ಟ್ರಾಯ್ ಯುದ್ಧದ ಕಥೆಯನ್ನು ಮತ್ತೆ ಮತ್ತೆ ಕೇಳುತ್ತಾಳೆ. ಅವನು ಕೋಲಿನಿಂದ ಮರಳಿನಲ್ಲಿ ಕೋಟೆಯನ್ನೂ ಪಾಳೆಯವನ್ನೂ ಬರೆದು ತೋರಿಸುತ್ತಾನೆ. ಅಲೆಯೊಂದು ಬಂದು ಎಲ್ಲವನ್ನೂ ಅಳಿಸುತ್ತದೆ. ಈ ನೀರನ್ನು ನಂಬಿ ನೀನು ಪ್ರಯಾಣ ಹೊರಡುತ್ತೀಯಾ ಎಂದು ಅವಳ ಆಕ್ಷೇಪ. ಹಾಸ್ಯಕಾವ್ಯದ ನಡುವೆ ಇಂಥ ಒಂದು ಚಿತ್ರ ಬಂದಾಗ, ಮೇಷ್ಟರ ಬೆತ್ತದ ಹಿಂದೆ ಎಂಥ ಕವಿ ನಿಂತಿದ್ದಾನೆಂಬುದು ತಿಳಿಯುತ್ತದೆ.

ಮತ್ತೆ ಪಾಠಕ್ಕೆ ಬರೋಣ. ಪಗಡೆಯಾಟದಲ್ಲಿ ಸೋಲು. ಅವಳ ಕೊಡೆ ಹಿಡಿ, ಕನ್ನಡಿ ಹಿಡಿ. ಅವಳಿಗೆ ಕಾಯಿಲೆಯಾದರೆ ಹಾಸಿಗೆಯ ಬಳಿಯೇ ಇರು, ಆದರೆ ಕಹಿ ಔಷಧವನ್ನು ಕುಡಿಸುವ ಕೆಲಸ ನಿನ್ನ ಪ್ರತಿಸ್ಪರ್ಧಿಗೆ ಬಿಡು. ಪೇಟೆಯಲ್ಲಿ ಕೊಂಡ ಹಣ್ಣನ್ನು ಊರಿನ ತೋಟದಿಂದ ಬಂದದ್ದೆಂದು ಹೇಳಿ ಕಳುಹಿಸು. ದೋಷಗಳಿಗೆ ಹತ್ತಿರದ ಗುಣಗಳ ಹೆಸರಿಡು. ನಮ್ಮಲ್ಲಿಯೂ ಹೆಣ್ಣು ತೋರಿಸುವವರು ಕಪ್ಪಗಿದ್ದವಳನ್ನು ಎಣ್ಣೆಗೆಂಪು ಎಂದೂ ಒಣಗಿದವಳನ್ನು ಬಳ್ಳಿಯಂಥವಳು ಎಂದೂ ವರ್ಣಿಸುವುದುಂಟಲ್ಲವೆ? ಅವರಿಗೆ ಓವಿಡನ ಶಿಷ್ಯತ್ವ ಬೇಕಾಗಿರಲಿಲ್ಲ. ಇನ್ನೊಂದು ಕಟ್ಟುನಿಟ್ಟಿನ ನಿಯಮ: ವಯಸ್ಸು ಕೇಳಬೇಡ, ಮುಖ್ಯವಾಗಿ, ಅವಳು ಬಿಳಿಗೂದಲನ್ನು ಕೀಳಲು ತೊಡಗಿದ್ದರೆ ಕೇಳಲೇಬೇಡ.

ಮೂರನೆಯ ಸಂಪುಟ ಹೆಂಗಸರಿಗೆ. ಒಂದು ಪಕ್ಷಕ್ಕೆ ಮಾತ್ರ ಆಯುಧ ಕೊಡುವುದು ಅನ್ಯಾಯವೆಂದು ಮೇಷ್ಟರು ಪಾಳೆಯ ಬದಲಾಯಿಸುತ್ತಾರೆ. ಮುಖದ ಆಕಾರಕ್ಕೆ ತಕ್ಕ ತುರುಬು, ನಗುವಾಗ ಬಾಯಿ ಎಷ್ಟು ತೆರೆಯಬೇಕು, ಅಲಂಕಾರದ ಡಬ್ಬಿಗಳನ್ನು ಮುಚ್ಚಿದ ಬಾಗಿಲ ಹಿಂದೆ ಇಡುವುದು ಏಕೆ, ಔತಣಕ್ಕೆ ತಡವಾಗಿ ಹೋಗುವುದರ ಲಾಭವೇನು, ಎಲ್ಲಕ್ಕೂ ಸೂತ್ರಗಳುಂಟು. ಓದಬೇಕಾದ ಕವಿಗಳ ಪಟ್ಟಿಯೂ ಉಂಟು. ಅದರಲ್ಲಿ ತನ್ನ ಹೆಸರನ್ನು ಸೇರಿಸಲು ಅವನು ಮರೆತಿಲ್ಲ.

ಕೊನೆಯ ಅವಸ್ಥೆಗೆ ಬೇರೆಯೇ ಒಂದು ಕಾವ್ಯ: 'ರೆಮೆಡಿಯ ಅಮೋರಿಸ್', ಪ್ರೇಮಕ್ಕೆ ಪರಿಹಾರ. ಕಟ್ಟಿದ ಮೇಷ್ಟರೇ ಬಿಚ್ಚಲೂ ಕಲಿಸುತ್ತಾರೆ. ಸುಮ್ಮನೆ ಕೂರಬೇಡ, ವಿರಾಮವೇ ಪ್ರೇಮದ ಆಹಾರ. ಉಳು, ಬೇಟೆಯಾಡು, ಮೀನು ಹಿಡಿ. ಹಳೆಯ ಕಾಗದಗಳನ್ನು ಸುಟ್ಟುಹಾಕು. ಕಂಠವಿಲ್ಲದವಳಿಗೆ ಹಾಡೆಂದು ಕೇಳು, ಬೆಳಗಾಗುವಾಗಲೇ ಮುನ್ಸೂಚನೆಯಿಲ್ಲದೆ ಅವಳ ಮನೆಗೆ ಹೋಗು. ಹಿಂದೆ ಇಟ್ಟ ಮುದ್ದಿನ ಹೆಸರುಗಳನ್ನೆಲ್ಲ ಈಗ ತಿರುವುಹಾಕು. ಪ್ರೇಮಕವಿಗಳನ್ನು ಓದಬೇಡ, ನನ್ನನ್ನೂ ಓದಬೇಡ. ಒಂದು ಮಾತು ಮಾತ್ರ ನಗೆಯನ್ನು ದಾಟಿ ಒಳಗಿಳಿಯುತ್ತದೆ. ಅವಳ ಮೇಲೆ ನನಗೇನೂ ಮನಸ್ಸಿಲ್ಲವೆಂದು ಎಲ್ಲರೆದುರು ಹೇಳಿಕೊಂಡು ತಿರುಗುವವನಿಗೆ ಇನ್ನೂ ಮನಸ್ಸಿದೆ, ಆದ್ದರಿಂದ ಬಾಯಿ ಮುಚ್ಚಿಕೊಂಡಿರು ಎಂದು ಅವನು ಎಚ್ಚರಿಸುತ್ತಾನೆ. ಇದನ್ನು ಓದಿದಾಗ ನನ್ನ ಕಾಲೇಜಿನ ದಿನಗಳ ಗೆಳೆಯನೊಬ್ಬ ನೆನಪಾದ. ಹೆಸರು ಬೇಡ.

ಇನ್ನು ಬೆಲೆಯ ಮಾತು. ಆಗಿನ ಸಾಮ್ರಾಟ ಅಗಸ್ಟಸ್ ರೋಮನರ ಗೃಹಸ್ಥಧರ್ಮವನ್ನು ಕಾನೂನಿನಿಂದ ತಿದ್ದಹೊರಟಿದ್ದ. ಕ್ರಿ. ಪೂ. 18ರಲ್ಲಿ ವಿವಾಹವನ್ನು ಪ್ರೋತ್ಸಾಹಿಸುವ, ವ್ಯಭಿಚಾರವನ್ನು ದಂಡಿಸುವ ಶಾಸನಗಳನ್ನು ತಂದ. ಕ್ರಿ. ಪೂ. 2ರಲ್ಲಿ ಆ ಶಾಸನದ ಏಟು ತನ್ನ ಮಗಳು ಜೂಲಿಯಳಿಗೇ ಬಿದ್ದು ಅವಳನ್ನು ದ್ವೀಪವೊಂದಕ್ಕೆ ಕಳುಹಿಸಬೇಕಾಯಿತು. ಅದೇ ಸುಮಾರಿನಲ್ಲಿ 'ಪ್ರೇಮಕಲೆ' ಹೊರಬಿತ್ತು. ಕುಲಸ್ತ್ರೀಯರು ಈ ಪುಸ್ತಕದಿಂದ ದೂರವಿರಲಿ ಎಂದು ಕವಿ ಬಾಗಿಲಲ್ಲಿ ಫಲಕ ಹಾಕಿದ್ದ. ಅಂಥ ಫಲಕ ಯಾರನ್ನು ಒಳಕ್ಕೆ ಕರೆಯುತ್ತದೆಂಬುದು ಅವನಿಗೂ ಗೊತ್ತಿತ್ತು, ಸಾಮ್ರಾಟನಿಗೂ ಗೊತ್ತಿತ್ತು.

ಕ್ರಿ. ಶ. 8ರಲ್ಲಿ, ಐವತ್ತನೆಯ ವಯಸ್ಸಿನಲ್ಲಿ, ಓವಿಡ್ ಕಪ್ಪುಸಮುದ್ರದ ದಡದ ಟೋಮಿಸ್ ಎಂಬ ಗಡಿಯೂರಿಗೆ ಅಟ್ಟಲ್ಪಟ್ಟ. ಕಾರಣ ಒಂದು ಕಾವ್ಯ ಮತ್ತು ಒಂದು ಪ್ರಮಾದ ಎಂದಷ್ಟೇ ಅವನು ಬರೆದಿದ್ದಾನೆ. ಆ ಪ್ರಮಾದ ಏನೆಂಬುದನ್ನು ಸಾಯುವವರೆಗೆ ಬಾಯಿಬಿಡಲಿಲ್ಲ. ಅದೇ ವರ್ಷ ಸಾಮ್ರಾಟನ ಮೊಮ್ಮಗಳೂ ಗಡೀಪಾರಾದಳು. ವಿಚಾರಣೆ ನಡೆಯಲಿಲ್ಲ, ಸಾಮ್ರಾಟನ ಮಾತೇ ತೀರ್ಪು. ಸಾರ್ವಜನಿಕ ಗ್ರಂಥಭಂಡಾರಗಳ ಬಾಗಿಲು ಅವನ ಪುಸ್ತಕಗಳಿಗೆ ಮುಚ್ಚಿತು.

ಅಲ್ಲಿಂದ ಅವನು ಸಾಮ್ರಾಟನಿಗೆ ಐನೂರಕ್ಕೂ ಹೆಚ್ಚು ಸಾಲುಗಳ ಒಂದು ಅಹವಾಲು ಬರೆದ. ಪ್ರೇಮದ ವಿಷಯ ಬರೆದದ್ದೇ ಅಪರಾಧವಾದರೆ ಯಾವ ಕವಿ ಉಳಿದಾನು? ಹೋಮರನ ಮಹಾಕಾವ್ಯವೂ ಪರರ ಹೆಂಡತಿಯ ಕಥೆಯೇ ಅಲ್ಲವೆ? ವರ್ಜಿಲನಲ್ಲಿ ಜನ ಹೆಚ್ಚು ಓದುವುದು ಡೈಡೋಳ ಪ್ರಣಯವನ್ನೇ ಅಲ್ಲವೆ? ಕ್ಷಮೆ ಬೇಡುವಾಗಲೂ ಅವನಿಗೆ ವಾದ ಮಾಡುವ ಚಪಲ ಹೋಗಿರಲಿಲ್ಲ. ಅಗಸ್ಟಸ್ ಕರಗಲಿಲ್ಲ; ಅವನ ನಂತರ ಬಂದ ಟೈಬೀರಿಯಸನೂ ಕರೆಸಲಿಲ್ಲ. ಕ್ರಿ. ಶ. 17 ಅಥವಾ 18ರಲ್ಲಿ ಓವಿಡ್ ಅಲ್ಲಿಯೇ ತೀರಿಕೊಂಡ. ಆ ಊರು ಈಗ ರುಮೇನಿಯದ ಕಾನ್‌ಸ್ಟಾಂಟ್ಸ. ಬೇಸಿಗೆಯಲ್ಲಿ ಜನ ಸಮುದ್ರಸ್ನಾನಕ್ಕೆ ಬರುವ ಸ್ಥಳ. 1887ರಲ್ಲಿ ನಿಲ್ಲಿಸಿದ ಅವನ ಪ್ರತಿಮೆ, ಗಲ್ಲಕ್ಕೆ ಕೈಕೊಟ್ಟು ಯೋಚಿಸುತ್ತ ಅಲ್ಲಿದೆ. ರೋಮಿನ ನಗರಸಭೆ 2017ರ ಡಿಸೆಂಬರಿನಲ್ಲಿ ಆ ಗಡೀಪಾರನ್ನು ರದ್ದುಗೊಳಿಸುವ ನಿರ್ಣಯ ಮಾಡಿತು. ತೀರ್ಪಿನ ನಕಲನ್ನು ಯಾರ ಕೈಗೆ ಕೊಟ್ಟರೋ!

ಟೋಮಿಸಿನಿಂದ ಅವನು ಹೆಂಡತಿಗೆ ಬರೆದ ಪದ್ಯರೂಪದ ಕಾಗದಗಳು ಉಳಿದಿವೆ. ಅವನಿಗಾಗಿ ದೊಡ್ಡವರ ಬಾಗಿಲು ಕಾಯಲು ಅವಳು ರೋಮಿನಲ್ಲಿಯೇ ಉಳಿದಿದ್ದಳು. ಈ ಕಾಗದಗಳಲ್ಲಿ ಧೂಳು ಕೊಡವುವ, ಕೊಡೆ ಹಿಡಿಯುವ ಉಪಾಯಗಳಾವುವೂ ಇಲ್ಲ. ನಡುವೆ ಅಷ್ಟು ಸಮುದ್ರವಿರುವಾಗ ಅವು ಏತಕ್ಕೆ ಬಂದಾವು? ಒಂದು ಕಾಗದದಲ್ಲಿ ಅವನು ತನ್ನ ತಲೆ ನರೆತದ್ದನ್ನು ಹೇಳಿ, ನಾನು ಬಿಟ್ಟುಬಂದಾಗ ಹರೆಯದವಳಾಗಿದ್ದ ನೀನೂ ನನ್ನ ಚಿಂತೆಯಿಂದ ಈಗ ಮುದುಕಿಯಾಗಿರಬೇಕು ಎನ್ನುತ್ತಾನೆ. ಅವಳನ್ನು ಹಾಗೆಯೇ ಒಮ್ಮೆ ಕಂಡು, ಬಣ್ಣ ಬದಲಾದ ಆ ಕೂದಲಿಗೆ ಮುತ್ತಿಡುವುದಷ್ಟೇ ಅವನು ದೇವರುಗಳಲ್ಲಿ ಬೇಡುವ ವರ.