ಮಡ್ಡಿಯ ಹಳೆಯ ಒಕ್ಕಲು

ಜತ್ತದಿಂದ ಮಾಡಗ್ಯಾಳ ದಾಟಿ ಉಮದಿಯ ಕಡೆ ಹೊರಟರೆ ರಸ್ತೆಯ ಎರಡೂ ಬದಿಗೆ ಮಡ್ಡಿ. ಕಪ್ಪು ಬಂಡೆ ಒಡೆದು ಉದುರಿದ ಮುರುಮು, ಅಲ್ಲೊಂದು ಇಲ್ಲೊಂದು ಜಾಲಿ, ಮೊಣಕಾಲೂ ಮುಟ್ಟದ ಹುಲ್ಲು. ಎರೆ ಮಣ್ಣು ತಗ್ಗಿನಲ್ಲಿ; ಅಲ್ಲಿ ಹಿಂಗಾರಿ ಬಿಳಿಜೋಳ. ಸಾಂಗ್ಲಿ ಜಿಲ್ಲೆಯ ಪಡುವಲಿನವರು ಕೃಷ್ಣೆಯ ನೀರಲ್ಲಿ ಕಬ್ಬು ಬೆಳೆದು, ನೀರು ಹೆಚ್ಚಾಗಿ ನೆಲ ಸವಳು ಬಿತ್ತೆಂದು ಗೋಳಾಡುತ್ತಾರೆ. ಮೂಡಲಿನ ಈ ಕನ್ನಡ ಸೀಮೆಗೆ ಆ ಗೋಳೂ ಒಂದು ಭಾಗ್ಯವೇ.

ಬೇಸಿಗೆಯಲ್ಲಿ ಬಗ್ಗಿ ನೋಡಿದರೆ ಕಲ್ಲಿನ ಸಂದಿಯಲ್ಲಿ ಕರ್ರಗಿನ ಸುಕ್ಕು ಚೂರುಗಳಿರುತ್ತವೆ. ಬೆರಳಲ್ಲಿ ಹಿಡಿದರೆ ಪುಡಿಪುಡಿ. ರೋಣಿ ಮಳೆ ಒಂದು ಹದ ಹೊಯ್ಯಲಿ. ಸ್ವಲ್ಪ ಹೊತ್ತಿನಲ್ಲೇ ಚೂರುಗಳು ನೀರಿಗೆ ಹಾಕಿದ ಒಣದ್ರಾಕ್ಷಿಯಂತೆ ಉಬ್ಬುತ್ತವೆ. ಕಪ್ಪು ಕರಗಿ ಕಂದುಹಸಿರು ಏರುತ್ತದೆ. ಮುಟ್ಟಿದರೆ ಲೋಳೆ. ಬಿಳಿ ಮೈಗೆ ಕಂದು ಮಚ್ಚೆಯ, ಮೂಗುಬ್ಬಿದ ಮಾಡಗ್ಯಾಳ ಕುರಿಗಳನ್ನು ಹೊಡೆದುಕೊಂಡು ಬಂದ ಹಿರಿಯರೊಬ್ಬರು, "ಅದರ ಮ್ಯಾಲ ಕಾಲಿಡಬ್ಯಾಡ್ರಿ, ಜಾರತೈತಿ" ಅಂದರು. ಕುರಿಗಳು ಮಾತ್ರ ಅದನ್ನು ತುಳಿದುಕೊಂಡೇ ನಡೆದವು.

ಇದು ನಾಸ್ಟಾಕ್, ಸೈನೊಬ್ಯಾಕ್ಟೀರಿಯಾದ, ಅಂದರೆ ನೀಲಿ-ಹಸಿರು ಪಾಚಿಯ, ಒಂದು ಬಗೆ. ಸೂಕ್ಷ್ಮದರ್ಶಕದಡಿ ಇಟ್ಟರೆ ದುಂಡು ಕೋಶಗಳು ಒಂದಕ್ಕೊಂದು ಅಂಟಿದ ಎಳೆಗಳು. ನಡುನಡುವೆ ದಪ್ಪ ಗೋಡೆಯ, ಬಣ್ಣ ಮಾಸಿದ ಒಂದೊಂದು ಕೋಶ. ಉಳಿದವು ಬಿಸಿಲು ಹಿಡಿದು ಆಮ್ಲಜನಕ ಬಿಟ್ಟರೆ, ಇದು ಗಾಳಿಯ ಸಾರಜನಕ ಹಿಡಿಯುತ್ತದೆ. ಆ ಕೆಲಸ ಮಾಡುವ ಕಿಣ್ವಕ್ಕೆ ಆಮ್ಲಜನಕವೇ ವಿಷ. ಅದಕ್ಕೇ ಅಷ್ಟು ದಪ್ಪ ಗೋಡೆ. ಸುಡುವ ಬಿಸಿಲಿಗೂ ಉಪಾಯವಿದೆ: ಹೊರಗಿನ ಲೋಳೆಯಲ್ಲಿ ಸೈಟೊನೆಮಿನ್ ಎಂಬ ಹಳದಿಗಂದು ಬಣ್ಣ, ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ಸಸ್ಯಸಂಗ್ರಹದಲ್ಲಿ ನೂರಕ್ಕೂ ಹೆಚ್ಚು ವರ್ಷ ಒಣಗಿ ಬಿದ್ದಿದ್ದ ನಾಸ್ಟಾಕ್ ನೀರು ಸೋಕಿ ಮತ್ತೆ ಚಿಗುರಿದ ದಾಖಲೆಯಿದೆ. ಜತ್ತದ ಬರ ಅದಕ್ಕೆ ಯಾವ ಲೆಕ್ಕ?

ಇದು ಕೂತ ಬಸಾಲ್ಟಿಗೆ ವಯಸ್ಸು ಸುಮಾರು 6.6 ಕೋಟಿ ವರ್ಷ. ಇದರ ವಂಶ ಅದಕ್ಕಿಂತ ಎಷ್ಟೋ ಹಳೆಯದು. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕ ಸೇರತೊಡಗಿದ್ದು ಇದರ ಪೂರ್ವಜರ ದೆಸೆಯಿಂದ. ಇತ್ತ ಬಾಗಲಕೋಟೆಯ ಲೋಕಾಪುರದ ಸುತ್ತಲಿನ ಡೋಲೊಮೈಟ್ ಕಲ್ಲಿನಲ್ಲಿ ಇಂಥ ಜೀವಿಗಳು ಪದರ ಪದರವಾಗಿ ಬಿಟ್ಟುಹೋದ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಮುಂದೊಮ್ಮೆ ಇಂಥದೊಂದು ಜೀವಿ ಬೇರೊಂದು ಕೋಶದ ಒಳಹೊಕ್ಕು ಅಲ್ಲೇ ಉಳಿಯಿತು. ಗಿಡಗಳ ಹರಿತ್ತು ಕಣ ಅದರದೇ ಪೀಳಿಗೆ. ಅಂದರೆ ತಗ್ಗಿನ ಜೋಳದ ಎಲೆಯೊಳಗೂ ಬಿಸಿಲಿಗೆ ದುಡಿಯುವುದು ಮಡ್ಡಿಯ ಈ ಲೋಳೆಯ ದಾಯಾದಿಯೇ.

ಭತ್ತದ ಗದ್ದೆಗೆ ಸಾರಜನಕ ಕೊಡುವುದು ನೀಲಿ-ಹಸಿರು ಪಾಚಿಯೆಂದು ಪಿ. ಕೆ. ಡೇ ತೋರಿಸಿದ್ದು 1939ರಲ್ಲಿ. ಬನಾರಸಿನ ಆರ್. ಎನ್. ಸಿಂಗ್ 1950ರಲ್ಲಿ ಅದರಿಂದಲೇ ಉತ್ತರದ ಉಸರ್ ಎಂಬ ಸವಳು ಭೂಮಿಯನ್ನು ಹದಕ್ಕೆ ತರುವ ದಾರಿ ಹೇಳಿದರು. ಗದ್ದೆಯ ಪಾಚಿಗೆ ಸಿಕ್ಕ ಮರ್ಯಾದೆ ಒಣಸೀಮೆಯ ಪಾಚಿಗೆ ಸಿಗಲಿಲ್ಲವೆಂದೇ ನನ್ನ ತಕರಾರು. ಇಲ್ಲಿ ಅದು ಸಾರಜನಕ ಕೂಡಿಸುವುದಷ್ಟೇ ಅಲ್ಲ, ಲೋಳೆಯಿಂದ ಮಣ್ಣಿನ ಕಣಗಳನ್ನು ಅಂಟಿಸಿ ಗಾಳಿಗೆ ಹಾರದಂತೆ, ಮಳೆಗೆ ಕೊಚ್ಚದಂತೆ ಹಿಡಿದಿರುತ್ತದೆ. ಅದರ ಆಸರೆಗೆ ಬೇರೆ ಬ್ಯಾಕ್ಟೀರಿಯಾ, ಬೂಷ್ಟು, ಕೊನೆಗೆ ಹುಲ್ಲು.

ಈಗ ಮಡ್ಡಿಗೂ ಬೆಲೆ ಬಂದಿದೆ. ದಾಳಿಂಬೆ ಹಚ್ಚಲು ಜೆಸಿಬಿ ಬಂದು ಮೇಲಿನ ಪದರವನ್ನು ಒಂದೇ ದಿನದಲ್ಲಿ ಕೆರೆದು ಬದುವಿಗೆ ತಳ್ಳುತ್ತದೆ. ಅದು ಮತ್ತೆ ಕೂಡಲು ವರ್ಷಗಳೇ ಬೇಕು. ಅಲ್ಲಿಯತನಕ ಸಾರಜನಕ ಯೂರಿಯಾ ಚೀಲದಲ್ಲಿ ಬರಬೇಕು, ರೊಕ್ಕ ಕೊಟ್ಟು.