ಪ್ರೇರಿಯ ನವೆಂಬರ್ ಮತ್ತು ನಮ್ಮ ಬೇಳೆ ವ್ಯಾಪಾರ

ಕರ್ನಾಟಕದಲ್ಲಿ ದೀಪಾವಳಿಯ ಲಕ್ಷ್ಮೀಪೂಜೆ ಮುಗಿದು, ಹಿಂಗಾರಿನ ಬಿತ್ತನೆ ಕೊನೆಗೊಳ್ಳುವ ವೇಳೆಗೆ ಕೆನಡಾದ ಪ್ರೇರಿ ಬಯಲಿನ ನೆಲ ಹೆಪ್ಪುಗಟ್ಟತೊಡಗುತ್ತದೆ. ಆಲ್ಬರ್ಟಾ, ಸಸ್ಕಾಚೆವಾನ್ ಮತ್ತು ಮ್ಯಾನಿಟೋಬಾ ಪ್ರಾಂತಗಳ ದಕ್ಷಿಣ ಭಾಗದಲ್ಲಿ ಹರಡಿರುವ ಈ ಬಯಲು ಗೋಧಿ, ಕನೋಲಾ, ಮಸೂರ ಮತ್ತು ಹಳದಿ ಬಟಾಣಿಯ ಕಣಜವಾಗಿದೆ. ನಮ್ಮಲ್ಲಿ ಚನ್ನಂಗಿ ಬೇಳೆ ಎಂದು ಕರೆಯುವ ಮಸೂರವನ್ನು ವಿಶ್ವಕ್ಕೆ ಒದಗಿಸುವ ಪ್ರಮುಖ ದೇಶಗಳಲ್ಲಿ ಕೆನಡಾ ಒಂದು. ಅದರ ಬೆಳೆಯ ಬಹುಪಾಲು ಸಸ್ಕಾಚೆವಾನ್ ಒಂದರಿಂದಲೇ ಬರುತ್ತದೆ. ಆದುದರಿಂದ ಅಲ್ಲಿನ ನವೆಂಬರ್ ತಿಂಗಳ ಹವೆಯು ಬೇಳೆ ಮಿಲ್ಲುಗಳಿಗೂ, ಹಿಟ್ಟು ಹಾಗೂ ಕುರುಕಲು ತಿಂಡಿ ತಯಾರಕರಿಗೂ ಸಂಬಂಧಪಟ್ಟ ವಿಷಯವಾಗಿದೆ.

ತಂಪು ಬೀಳುವ ಬಗೆ

ಪ್ರೇರಿ ಬಯಲು ಸಮುದ್ರದಿಂದ ಬಹುದೂರ. ಪಶ್ಚಿಮದಲ್ಲಿ ರಾಕಿ ಪರ್ವತಶ್ರೇಣಿಯು ಪೆಸಿಫಿಕ್ ಸಾಗರದ ತೇವವನ್ನು ತಡೆಯುತ್ತದೆ. ಉತ್ತರದಲ್ಲಾದರೋ ಅಂತಹ ಗೋಡೆ ಯಾವುದೂ ಇಲ್ಲ; ಧ್ರುವಪ್ರದೇಶದ ಶೀತವಾಯು ಅಡ್ಡಿಯಿಲ್ಲದೆ ಇಳಿದುಬರುತ್ತದೆ. ನವೆಂಬರ್ ಆರಂಭದಲ್ಲಿ ಸುಮಾರು ಒಂಬತ್ತೂವರೆ ಗಂಟೆಯಿದ್ದ ಹಗಲು ತಿಂಗಳ ಕೊನೆಗೆ ಸುಮಾರು ಎಂಟು ಗಂಟೆಗೆ ಇಳಿಯುತ್ತದೆ. ರೆಜೈನಾ, ವಿನಿಪೆಗ್ ನಗರಗಳಲ್ಲಿ ಈ ತಿಂಗಳ ಸರಾಸರಿ ಹಗಲಿನ ಉಷ್ಣತೆ ಶೂನ್ಯದ ಆಸುಪಾಸಿನಲ್ಲಿಯೂ, ರಾತ್ರಿಯದು ಶೂನ್ಯಕ್ಕಿಂತ ಸುಮಾರು 10 ಡಿಗ್ರಿ ಸೆಲ್ಸಿಯಸ್ ಕೆಳಗೂ ಇರುತ್ತದೆ. ನೆಲದ ಮೇಲೆ ಒಮ್ಮೆ ಹಿಮ ನಿಂತರೆ ಅದು ಬಿಸಿಲನ್ನು ಹಿಂದಕ್ಕೆ ಪ್ರತಿಫಲಿಸಿ ಚಳಿಯನ್ನು ಮತ್ತಷ್ಟು ಬಲಪಡಿಸುತ್ತದೆ.

ಆದರೆ ತಿಂಗಳು ಒಂದೇ ಸಮನಾಗಿ ಸಾಗುವುದಿಲ್ಲ. ರಾಕಿ ಪರ್ವತಗಳಿಂದ ಇಳಿಯುವ ‘ಚಿನೂಕ್’ ಎಂಬ ಒಣ ಬಿಸಿಗಾಳಿಯು ದಕ್ಷಿಣ ಆಲ್ಬರ್ಟಾದಲ್ಲಿ ಕೆಲವೇ ಗಂಟೆಗಳಲ್ಲಿ ಹಿಮವನ್ನು ಕರಗಿಸಬಲ್ಲದು. ‘ಆಲ್ಬರ್ಟಾ ಕ್ಲಿಪ್ಪರ್’ ಎಂಬ ವೇಗದ ವಾಯುಭಾರ ಕುಸಿತವು ಸ್ವಲ್ಪ ಹಿಮವನ್ನೂ ಅದರ ಬೆನ್ನಿಗೇ ತೀವ್ರ ಚಳಿಯನ್ನೂ ತರುತ್ತದೆ. ದಕ್ಷಿಣದಿಂದ ಬರುವ ‘ಕೊಲೊರಾಡೊ ಲೋ’ ಮ್ಯಾನಿಟೋಬಾದ ಕಡೆ ಭಾರಿ ಹಿಮಪಾತಕ್ಕೆ ಕಾರಣವಾಗುತ್ತದೆ.

ಕಣಜದೊಳಗಿನ ಚಳಿ

ಸಾಮಾನ್ಯ ವರ್ಷಗಳಲ್ಲಿ ಅಕ್ಟೋಬರ್ ಕೊನೆಯೊಳಗೆ ಕಟಾವು ಮುಗಿದಿರುತ್ತದೆ. ನವೆಂಬರ್ ತಿಂಗಳು ದಾಸ್ತಾನನ್ನು ಕಾಪಾಡುವ ಕಾಲ. ಕೆನಡಾದ ವರ್ಗೀಕರಣದಲ್ಲಿ ಬಟಾಣಿಗೆ ಶೇ. 16, ಮಸೂರಕ್ಕೆ ಶೇ. 14ರವರೆಗಿನ ತೇವಾಂಶವನ್ನು ಒಣ ಧಾನ್ಯವೆಂದು ಪರಿಗಣಿಸಲಾಗುತ್ತದೆ. ಆದರೂ ಬಿಸಿಯಾಗಿರುವಾಗಲೇ ತುಂಬಿದ ಧಾನ್ಯವನ್ನು ಹಾಗೆಯೇ ಬಿಟ್ಟರೆ ಅಪಾಯ ತಪ್ಪದು. ಲೋಹದ ಕಣಜದ ಗೋಡೆಯ ಬದಿಯ ಕಾಳು ತಣ್ಣಗಾದಂತೆ ಅಲ್ಲಿನ ಗಾಳಿ ಕೆಳಗಿಳಿಯುತ್ತದೆ, ನಡುವಿನ ಬೆಚ್ಚನೆಯ ಗಾಳಿ ಮೇಲೇರುತ್ತದೆ, ಅದರೊಡನೆ ಹೋದ ತೇವವು ಮೇಲ್ಭಾಗದ ತಂಪು ಕಾಳಿನ ಮೇಲೆ ನೀರಾಗಿ ನಿಲ್ಲುತ್ತದೆ. ಬೂಷ್ಟು ಹಿಡಿಯುವುದು ಅಲ್ಲಿಯೇ. ಇದನ್ನು ತಪ್ಪಿಸಲು ರೈತರು ಫ್ಯಾನುಗಳಿಂದ ಗಾಳಿಯೂದಿ ಇಡೀ ರಾಶಿಯನ್ನು ತಣ್ಣಗಾಗಿಸುತ್ತಾರೆ.

ಇದೇ ಚಳಿ ಕೀಟನಾಶಕವಾಗಿಯೂ ಕೆಲಸ ಮಾಡುತ್ತದೆ. ರಾಶಿಯ ಒಳಗಿನ ಉಷ್ಣತೆಯನ್ನು ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ ಒಂದು ವಾರ ಇರಿಸಿದರೆ ದಾಸ್ತಾನಿನ ಹುಳುಗಳು ಸಾಯುತ್ತವೆ. ಭಾರತದ ಸಸ್ಯ ಸಂಗರೋಧ ನಿಯಮಗಳು ಬೇಳೆಕಾಳುಗಳಿಗೆ ಮೂಲ ದೇಶದಲ್ಲಿಯೇ ಮೀಥೈಲ್ ಬ್ರೋಮೈಡ್ ಧೂಪನವನ್ನು ವಿಧಿಸಿದ್ದಾಗ ಕೆನಡಾ ಮುಂದಿಟ್ಟ ವಾದಗಳಲ್ಲಿ ಇದೂ ಒಂದು. ಆ ಅನಿಲವು ಓಜೋನ್ ಪದರಕ್ಕೆ ಹಾನಿಕರ. ಮೇಲಾಗಿ ಕೊರೆಯುವ ಚಳಿಯಲ್ಲಿ ಅದು ಸರಿಯಾಗಿ ಕೆಲಸ ಮಾಡದು. ಹಲವು ವರ್ಷ ಭಾರತವು ಸರಕು ಬಂದಿಳಿದ ಮೇಲೆ ಧೂಪನ ಮಾಡಲು ವಿನಾಯಿತಿ ನೀಡುತ್ತ ಬಂದಿತು. 2017ರಲ್ಲಿ ಈ ವಿನಾಯಿತಿಯೇ ಉಭಯ ದೇಶಗಳ ನಡುವಿನ ಚರ್ಚೆಯ ವಸ್ತುವಾಯಿತು.

ಬಯಲಿನಿಂದ ಬಂದರಿಗೆ

ಪ್ರೇರಿಯ ಧಾನ್ಯಕ್ಕೆ ರೈಲೇ ಜೀವನಾಡಿ. ಉತ್ತರದ ಚರ್ಚಿಲ್ ಬಂದರು ಹಡ್ಸನ್ ಕೊಲ್ಲಿ ಹೆಪ್ಪುಗಟ್ಟುವುದರಿಂದ ನವೆಂಬರ್ ವೇಳೆಗೆ ಸಾಮಾನ್ಯವಾಗಿ ನಿಲ್ಲುತ್ತದೆ. ಪೂರ್ವದ ಥಂಡರ್ ಬೇ ಮೂಲಕ ಸಾಗುವ ಸರೋವರ ಮಾರ್ಗವು ಡಿಸೆಂಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಮುಚ್ಚಿರುತ್ತದೆ. ಹೀಗಾಗಿ ಚಳಿಗಾಲದ ಭಾರವೆಲ್ಲ ಪಶ್ಚಿಮದ ವ್ಯಾಂಕೂವರ್, ಪ್ರಿನ್ಸ್ ರೂಪರ್ಟ್ ಬಂದರುಗಳ ಮೇಲೆ ಬೀಳುತ್ತದೆ. ಉಷ್ಣತೆಯು ಶೂನ್ಯಕ್ಕಿಂತ 25 ಡಿಗ್ರಿ ಕೆಳಗಿಳಿದರೆ ಏರ್‌ಬ್ರೇಕ್ ಕೊಳವೆಗಳ ಜೋಡಣೆಯಲ್ಲಿ ಗಾಳಿ ಸೋರುವುದರಿಂದ ರೈಲುಗಳ ಉದ್ದವನ್ನು ಕಡಿಮೆ ಮಾಡಬೇಕಾಗುತ್ತದೆ. ಅದೇ ಸರಕಿಗೆ ಹೆಚ್ಚು ಇಂಜಿನ್, ಹೆಚ್ಚು ಸಿಬ್ಬಂದಿ, ಹೆಚ್ಚು ದಿನ ಬೇಕು.

ಎರಡು ವರ್ಷಗಳ ಅನುಭವ ಇಲ್ಲಿ ಸ್ಮರಣೀಯ. 2019ರಲ್ಲಿ ಮಳೆ ಮತ್ತು ಅಕಾಲಿಕ ಹಿಮದಿಂದ ಕಟಾವು ತಡವಾಗಿ, ತೇವದ ಧಾನ್ಯವನ್ನು ಒಣಗಿಸಲು ಪ್ರೊಪೇನ್ ಅನಿಲದ ಬೇಡಿಕೆ ಏರಿತು. ಅದೇ ವೇಳೆಗೆ, ನವೆಂಬರ್ 19ರಿಂದ 26ರವರೆಗೆ, ಕೆನಡಿಯನ್ ನ್ಯಾಷನಲ್ ರೈಲ್ವೆಯಲ್ಲಿ ಮುಷ್ಕರ ನಡೆದು ಅನಿಲವೂ ಬಾರದೆ ಧಾನ್ಯವೂ ಹೋಗದೆ ರೈತರು ಪರದಾಡಿದರು. 2021ರಲ್ಲಿ ಬರಗಾಲದಿಂದ ಗೋಧಿ, ಕನೋಲಾ ಇಳುವರಿ ಸುಮಾರು ಮೂರನೆಯ ಒಂದು ಭಾಗ ಕುಸಿಯಿತು. ನವೆಂಬರ್ ಮಧ್ಯದಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ಸುರಿದ ಅತಿವೃಷ್ಟಿಯು ವ್ಯಾಂಕೂವರಿಗೆ ಹೋಗುವ ಎರಡೂ ಪ್ರಮುಖ ರೈಲುಮಾರ್ಗಗಳನ್ನು ಕೊಚ್ಚಿಹಾಕಿತು. ಬಯಲಿನಲ್ಲಿ ಹವೆ ಒಣಗಿದ್ದರೂ ಬೆಟ್ಟದ ಮಳೆಯು ಬಯಲಿನ ಧಾನ್ಯವನ್ನು ವಾರಗಟ್ಟಲೆ ತಡೆದು ನಿಲ್ಲಿಸಿತು.

ವಿಳಂಬದ ಬೆಲೆ

ವ್ಯಾಂಕೂವರಿನಿಂದ ಭಾರತದ ಪಶ್ಚಿಮ ಕರಾವಳಿಗೆ ಹಡಗು ಬರಲು ಒಂದು ತಿಂಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಈ ಅವಧಿಯಲ್ಲಿ ಬದಲಾಗುವುದು ದರ ಮಾತ್ರವಲ್ಲ, ಸುಂಕವೂ ಬದಲಾಗಬಹುದು. ಸಾಮಾನ್ಯವಾಗಿ ಸುಂಕದ ದರವು ಒಪ್ಪಂದದ ದಿನವನ್ನಲ್ಲ, ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನವನ್ನು ಅನುಸರಿಸುತ್ತದೆ. 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಹಳದಿ ಬಟಾಣಿಗೆ ಶೇ. 50 ಆಮದು ಸುಂಕವನ್ನು ದಿಢೀರನೆ ವಿಧಿಸಿದಾಗ ಸಮುದ್ರದ ನಡುವೆ ಇದ್ದ ಸರಕಿಗೂ ಅದರ ಬಿಸಿ ತಟ್ಟಿತು. 2023ರ ಡಿಸೆಂಬರಿನಲ್ಲಿ ಸುಂಕ ತೆಗೆದುಹಾಕಲಾಯಿತು. 2025ರ ನವೆಂಬರ್ 1ರಿಂದ ಶೇ. 30ರಷ್ಟನ್ನು ಮತ್ತೆ ವಿಧಿಸಲಾಯಿತು. ಅಗ್ಗದ ಬಟಾಣಿ ಬಂದಾಗ ಕಡಲೆ ಹಿಟ್ಟಿನ ಮಾರುಕಟ್ಟೆಯೂ ಕಲಬುರಗಿಯ ತೊಗರಿ ಬೆಳೆಗಾರನ ಧಾರಣೆಯೂ ಒತ್ತಡಕ್ಕೆ ಒಳಗಾಗುವುದರಿಂದ ಸರ್ಕಾರ ಈ ಸುಂಕವನ್ನು ಏರಿಳಿಸುತ್ತಲೇ ಬಂದಿದೆ. ಪ್ರೇರಿಯಲ್ಲಿ ಹಿಮದಿಂದಾದ ಹತ್ತು ದಿನಗಳ ವಿಳಂಬವು ಸರಕನ್ನು ಸುಂಕದ ಹೊಸ ದಿನಾಂಕದಾಚೆಗೆ ತಳ್ಳಿದರೆ ಇಡೀ ವ್ಯವಹಾರದ ಲಾಭವೇ ಅಳಿಸಿಹೋಗಬಹುದು.

ಆದಕಾರಣ ಆಮದುದಾರರಿಂದ ಬೇಳೆಕಾಳು ಖರೀದಿಸುವ ಸಣ್ಣ ಉದ್ದಿಮೆದಾರರು ಅಕ್ಟೋಬರ್-ನವೆಂಬರ್ ಒಪ್ಪಂದಗಳಲ್ಲಿ ಕೆಲವು ಅಂಶಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು: ಹಡಗಿಗೆ ಏರಿಸುವ ಕೊನೆಯ ದಿನಾಂಕ, ವಿಳಂಬವಾದರೆ ನಷ್ಟ ಹೊರುವವರು, ಸುಂಕ ಬದಲಾದರೆ ಅದನ್ನು ಭರಿಸುವವರು, ಧೂಪನದ ಪ್ರಮಾಣಪತ್ರ ಹಾಗೂ ತೇವಾಂಶದ ಮಿತಿ. ಇದರೊಡನೆ ಡಿಸೆಂಬರ್-ಜನವರಿಗೆ ಬೇಕಾದ ಕಚ್ಚಾಮಾಲನ್ನು ಒಂದೇ ಹಡಗಿನ ಭರವಸೆಗೆ ಬಿಡದೆ ಸ್ಥಳೀಯ ದಾಸ್ತಾನನ್ನೂ ಇಟ್ಟುಕೊಂಡ ಮಿಲ್ಲು, ದೂರದ ಬಯಲಿನಲ್ಲಿ ಹಿಮ ಬಿದ್ದ ಮಾತ್ರಕ್ಕೆ ನಿಲ್ಲಬೇಕಾಗುವುದಿಲ್ಲ.